ಸಿಳ್ಳೆ ಹೊಡೆದದ್ದು ಯಾರಿಗೆ

ಎಡಗಾಲಿನ ಬೂಟು ಹೇಗೆ ತುರುಕಿದರೂ ಹತ್ತಲಿಲ್ಲ. ಒರೆಸ್ತೆ ಮಂಡಿಯೂರಿ ಹೆಂಡತಿಯ ಹಿಮ್ಮಡಿ ಹಿಡಿದು ಒತ್ತುತ್ತಿದ್ದ. ಪಕ್ಕದ ಮನೆಯ ದೆಲ್ಮಾ ಶವಪೆಟ್ಟಿಗೆಯ ಆಚೆ ಬದಿ ನಿಂತು ಚಡಪಡಿಸುತ್ತಿದ್ದಳು.

“ಬಿಡು ಮಾರಾಯ, ಅವಳಿಗೆ ನೋವಾಗತ್ತೆ.”

“ನೋವಾಗಿದ್ರೆ ಇಷ್ಟೊತ್ತಿಗೆ ಬೀದಿಯೆಲ್ಲ ಎದ್ದು ಕೂರೋ ಹಾಗೆ ಕೂಗಿರೋಳು.”

ದೆಲ್ಮಾಗೆ ಅಳುವಿನ ನಡುವೆ ನಗು ಬಂತು. ಎರ್ಸಿಲಿಯಾ ಕೂಗಿದರೆ ಪಾರ್ಮಾ ಊರಿನ ಹೊಳೆಯಾಚೆಗೂ ಕೇಳುತ್ತಿತ್ತು. ಮಿಲಾನ್, ವಿಯೆನ್ನಾ, ಬ್ಯೂನಸ್ ಐರಿಸ್ ಎಂದು ಊರೂರಿನ ಆಪೆರಾಗಳಲ್ಲಿ ನಾಯಕಿಯಾಗಿ ಹಾಡಿದವಳು. ಕ್ಷಯದಿಂದ, ವಿಷದಿಂದ, ಕತ್ತಿಯಿಂದ ರಂಗದ ಮೇಲೆ ಲೆಕ್ಕವಿಲ್ಲದಷ್ಟು ಸಲ ಸತ್ತವಳು. ಎತ್ತರದ ಸ್ವರಗಳು ಕೈಕೊಡತೊಡಗಿದಾಗ, “ನಾಯಕಿಯಾಗಿ ಸತ್ತಿದ್ದು ಸಾಕು, ಇನ್ನು ಬದುಕೋ ಪಾತ್ರ ಕೊಡಿ” ಎಂದು ದಾದಿ, ಅತ್ತೆಯರ ವೇಷ ಹಾಕಿ ಜನರನ್ನು ನಗಿಸಿದಳು. ಅದೂ ಮುಗಿದ ಮೇಲೆ ಮನೆಯಲ್ಲಿ ಪಾಠ, ಸುತ್ತಲಿನ ಹಳ್ಳಿಗಳಲ್ಲಿ ಪಿಯಾನೊ ಜೊತೆಗೆ ಕಚೇರಿ. ನಿಜಕ್ಕೂ ಸತ್ತದ್ದು ಮೊನ್ನೆ ಮಧ್ಯಾಹ್ನ, ಬಟಾಣಿ ಬಿಡಿಸುತ್ತ, ರೇಡಿಯೊದಲ್ಲಿ ಹಾಡುತ್ತಿದ್ದ ಯಾವಳೋ ಹುಡುಗಿಗೆ “ಅವಸರ ಯಾಕೇ ನಿಂಗೆ?” ಎಂದು ಗದರುತ್ತ.

ಒರೆಸ್ತೆ ಬೂಟು ಬದಿಗಿಟ್ಟು ಉಣ್ಣೆಯ ಕಾಲುಚೀಲ ಏರಿಸಿದ.

ಅಡುಗೆಮನೆಯಲ್ಲಿ ಜನ ತುಂಬಿದ್ದರು. ಮೊದೆನಾದಿಂದ ಬಂದಿದ್ದ ಏರುದನಿಯ ಮುದಿ ಟೆನರ್ ಗಾಯಕ ವಾಲ್‌ಫ್ರೇದೊ, ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೆಂಪು ವೈನ್ ಹೀರುತ್ತಿದ್ದ. ಎರ್ಸಿಲಿಯಾಳ ಶಿಷ್ಯೆಯೊಬ್ಬಳು ಅವನ ಪಕ್ಕ ಕೂತಿದ್ದಳು.

“ಸರ್, ಟೀಚರ್ ಇಲ್ಲಿ ಮೊದಲನೇ ಸಲ ಹಾಡಿದಾಗ ನೀವೂ ಇದ್ರಂತೆ. ಅವತ್ತು ಅವರಿಗೆ ಸಿಳ್ಳೆ ಹೊಡೆದಿದ್ರಂತಲ್ಲ?”

ಪಾರ್ಮಾದಲ್ಲಿ ಸಿಳ್ಳೆ ಎಂದರೆ ಮುಖಕ್ಕೆ ಉಗಿದಂತೆ. ದೆಲ್ಮಾ ಒರೆಸ್ತೆಯ ಕಡೆ ಬೆರಳು ಮಾಡಿದಳು. “ಹೊಡೆದೋನು ಅಗೋ, ಅಲ್ಲಿ ನಿಂತಿದಾನೆ. ಶಿಕ್ಷೆಗೆ ಅವನನ್ನೇ ಮದುವೆ ಮಾಡ್ಕೊಂಡ್ಳು.”

ಎಲ್ಲರೂ ನಕ್ಕರು. ವಾಲ್‌ಫ್ರೇದೊ ಕೂಡ. ಒರೆಸ್ತೆ ಮಾತ್ರ ತಟ್ಟೆಯಲ್ಲಿದ್ದ ಒಣಮಾಂಸದ ಸಲಾಮಿಯನ್ನು ತೆಳ್ಳಗೆ ಹೆಚ್ಚುತ್ತ ತಲೆ ತಗ್ಗಿಸಿದ.

*

ಆಗ ಒರೆಸ್ತೆ ಅಪ್ಪನ ಮಾಂಸದಂಗಡಿಯಲ್ಲಿ ಸಲಾಮಿ ಕಟ್ಟುತ್ತಿದ್ದ ತರುಣ. ಕೆಲಸ ಮುಗಿಸಿ ರಂಗಮಂದಿರದ ತುತ್ತತುದಿಯ ಗ್ಯಾಲರಿಗೆ ಓಡುತ್ತಿದ್ದ. ಆ ಸಂಜೆ ಎರಡನೇ ಅಂಕದ ಯುಗಳಗೀತೆಯಲ್ಲಿ ಟೆನರನ ದನಿ ಒಡೆಯಿತು. ಒರೆಸ್ತೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ.

ಆದರೆ ಮುಂದೆ ಬಂದವಳು ಆ ಹೊಸ ಹುಡುಗಿ. ಕೈಯೆತ್ತಿ ವಾದ್ಯವೃಂದವನ್ನು ನಿಲ್ಲಿಸಿದಳು. ಸೊಂಟಕ್ಕೆ ಕೈಕೊಟ್ಟು ಮೇಲೆ ನೋಡಿದಳು.

“ನನಗೆ ತಾನೇ ಹೊಡೆದಿದ್ದು? ಇನ್ನೊಂದು ಸಲ ಹಾಡ್ತೀನಿ. ಆಮೇಲೂ ಬೇಕನ್ಸಿದ್ರೆ ಹೊಡಿ.”

ಹಾಡಿದಳು. ಸ್ವರ ದಾರದಂತೆ ಸಣ್ಣಗಾಗುತ್ತ ಗ್ಯಾಲರಿಯ ಕೊನೆಯ ಬೆಂಚಿನವರೆಗೆ ಬಂದು, ಅಲ್ಲೇ ತಂಗಿತು. ಮರುದಿನ ಊರಿನ ತುಂಬ ಅವಳದೇ ಹೆಸರು.

ಅವತ್ತು ರಾತ್ರಿ ಆಟ ಮುಗಿದ ಮೇಲೆ ಒರೆಸ್ತೆ ಹಿಂಬಾಗಿಲಲ್ಲಿ ಕಾದ, ಪೇಪರಿನಲ್ಲಿ ಸುತ್ತಿದ ಒಂದು ಸಲಾಮಿ ಹಿಡಿದು.

“ತಪ್ಪು ತಿಳ್ಕೊಂಡ್ರಿ ನೀವು. ನಾನು ಸಿಳ್ಳೆ ಹಾಕಿದ್ದು ಆ ಟೆನರ್‌ಗೆ.”

ಅವಳು ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅವನ ಕಿವಿಗೆ ಬಿದ್ರೆ ನಿನ್ನ ಚರ್ಮ ಸುಲೀತೀನಿ” ಎಂದವಳೇ ಸಲಾಮಿಯ ಕಟ್ಟು ಬಿಚ್ಚಿದಳು.

*

ಇಗರ್ಜಿಯ ದಾರಿಯಲ್ಲಿ ವಾಲ್‌ಫ್ರೇದೊ ಒರೆಸ್ತೆಯ ತೋಳು ಹಿಡಿದುಕೊಂಡ.

“ಆ ಸಿಳ್ಳೆ ನನಗೆ ಅಂತ ನನಗೆ ಗೊತ್ತಿತ್ತು ಕಣಯ್ಯ.”

ಒರೆಸ್ತೆ ನಿಂತುಬಿಟ್ಟ. “ಅವಳು ಹೇಳಿದ್ಲಾ?”

“ಅವತ್ತು ಬೆಳಿಗ್ಗೆ ನಮ್ಮಮ್ಮನ್ನ ಮಣ್ಣು ಮಾಡಿ ಬಂದಿದ್ದೆ. ಅವಳೊಬ್ಬಳಿಗೇ ಗೊತ್ತಿದ್ದಿದ್ದು. ನಿನ್ನ ಸಿಳ್ಳೆ ಬಂದಾಗ ನನ್ನ ಕೈ ಹಿಂಡಿ, ‘ಇದು ನಂಗಿರಲಿ, ನೀನು ಕಣ್ಣೊರೆಸ್ಕೋ’ ಅಂತ ಮುಂದೆ ಹೋದ್ಲು. ನಿಂಗೆ ಹೇಳ್ಲೇ ಇಲ್ವಾ?”

“ಇಲ್ಲ.”

“ಇಷ್ಟು ವರ್ಷ ಒಂದೇ ಮನೇಲಿದ್ದು?”

ಬದುಕಿಡೀ ಹೆಂಡತಿಯ ತಪ್ಪು ತಿಳಿವಳಿಕೆಯೊಂದನ್ನು ಗುಟ್ಟಾಗಿ ಕಾಪಾಡಿದೆ ಎಂದುಕೊಂಡಿದ್ದ ಒರೆಸ್ತೆ ಮೊದಲು ಕೆಮ್ಮಿದ. ಆಮೇಲೆ ಭುಜ ಕುಲುಕಿತು. “ಕಳ್ಳಿ” ಎಂದ. “ಎಂಥ ಕಳ್ಳಿ ನೋಡು.” ಹಿಂದೆ ಬರುತ್ತಿದ್ದವರು ಅವನು ಅಳುತ್ತಿದ್ದಾನೆಂದು ತಿಳಿದು ಹೆಜ್ಜೆ ನಿಧಾನ ಮಾಡಿದರು.

ಪೂಜೆ ಮುಗಿದು ಪೆಟ್ಟಿಗೆ ಹೊರಬಂದಾಗ ಚೌಕದಲ್ಲಿ ಚಪ್ಪಾಳೆ ಶುರುವಾಯಿತು. ಕಿಟಕಿಗಳಿಂದ, ಕಾಫಿ ಅಂಗಡಿಯ ಮೆಟ್ಟಿಲಿಂದ, ಗ್ಯಾಲರಿಯ ಮುದಿ ಗೆಳೆಯರ ಗುಂಪಿನಿಂದ. ಹೊತ್ತವರು ಶವ ಒಯ್ಯುವ ಕಾರಿನ ಬಳಿ ಬಂದರೂ ಚಪ್ಪಾಳೆ ನಿಲ್ಲಲಿಲ್ಲ. ಏನು ಮಾಡುವುದೆಂದು ತಿಳಿಯದೆ ಅವರು ಮುಖ ಮುಖ ನೋಡಿಕೊಂಡರು.

ವಾಲ್‌ಫ್ರೇದೊ ಊರುಗೋಲು ಎತ್ತಿದ. “ಕರೀತಿದಾರಲ್ಲ, ಕೇಳಿಸ್ತಿಲ್ವಾ? ಚಪ್ಪಾಳೆ ನಿಲ್ದಿದ್ರೆ ಹಾಡಿದೋಳು ಪರದೆ ಮುಂದೆ ಮತ್ತೆ ಬರ್ಬೇಕು. ವಾಪಸ್ ಒಳಗೆ ಕರ್ಕೊಂಡು ಹೋಗಿ, ಇನ್ನೊಂದು ಸಲ ಬರ್ಲಿ.”

ಹೊತ್ತವರು ಒರೆಸ್ತೆಯನ್ನು ನೋಡಿದರು. ಅವನು ಹೂಂ ಎಂದು ತಲೆಯಾಡಿಸಿದ.

ಅವರು ತಿರುಗಿ ಮೆಟ್ಟಿಲು ಹತ್ತಿ, ಬಾಗಿಲೊಳಗಿನ ಕತ್ತಲಿಗೆ ಹೋದರು. ಒಂದು ಕ್ಷಣ ಬಾಗಿಲು ಬರಿದಾಯಿತು. ಮತ್ತೆ ಎರ್ಸಿಲಿಯಾ ಬಿಸಿಲಿಗೆ ಬಂದಳು. ಹೊಸ್ತಿಲಲ್ಲಿದ್ದ ಪಾದ್ರಿ ಗೋಡೆಗೆ ಸರಿದು ದಾರಿ ಬಿಟ್ಟು, ಪ್ರಾರ್ಥನೆಯ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತಾನೂ ಚಪ್ಪಾಳೆ ತಟ್ಟತೊಡಗಿದ.