ನೂಬಿಯ ದೊಣ್ಣೆ, ಶಹಾತನ ಕೈಗವಸು

ಎರಡು ವರ್ಷಗಳಿಂದ ದೊಣ್ಣೆವರಸೆಯಲ್ಲಿ ನೂಬಿಯನ್ನು ಯಾರೂ ಸೋಲಿಸಿರಲಿಲ್ಲ. ಯಾಕೆಂಬುದು ಊರಿನ ಕತ್ತೆಗಳಿಗೂ ಗೊತ್ತಿತ್ತು. ಅರವತ್ತಾರರ ನೂಬಿಯ ಎಡಗಣ್ಣಿಗೆ ಪೊರೆ ಬಂದು, ಆ ಕಡೆಯಿಂದ ಒಂಟೆ ನಡೆದು ಬಂದರೂ ಅವನಿಗೆ ಕಾಣುತ್ತಿರಲಿಲ್ಲ. ಮದುವೆಮನೆಗಳಲ್ಲಿ ಮಿಜ್ಮಾರ್ ಊದುವವರು ರಾಗ ಎತ್ತಿದರೆ ಅವನೆದುರು ನಿಂತ ಹುಡುಗರು ಅಪ್ಪಿತಪ್ಪಿಯೂ ಆ ಪಕ್ಕಕ್ಕೆ ಹೋಗುತ್ತಿರಲಿಲ್ಲ. ಎರಡು ಸುತ್ತು ಸುತ್ತಿ, ದೊಣ್ಣೆಯನ್ನು ಒಂದಿಷ್ಟು ಕೆಳಗಿಳಿಸಿ, ತಲೆಯನ್ನು ತೆರೆದಿಡುತ್ತಿದ್ದರು. ಹಾಗೆ ತೆರೆದುಕೊಂಡ ಜಾಗಕ್ಕೆ ಆಟದವರು ಬಾಗಿಲು ಅನ್ನುತ್ತಾರೆ. ನೂಬಿಯ ದೊಣ್ಣೆ ಬಾಗಿಲಲ್ಲಿ ನುಗ್ಗಿ ಹುಡುಗನ ಪೇಟವನ್ನು ಮೆಲ್ಲಗೆ ಮುಟ್ಟಿತೆಂದರೆ ಆಟ ಮುಗಿಯಿತು. ಹುಡುಗ ಬಾಗಿ ಹಿರಿಯನ ಹೆಗಲಿಗೆ ಮುತ್ತಿಡುತ್ತಿದ್ದ. ಮಾಳಿಗೆಯ ಮೇಲೆ ಹೆಂಗಸರ ನಡುವೆ ನಿಂತ ಹೆಂಡತಿ ವಹೀಬಾ ನಾಲಗೆ ಹೊರಳಿಸಿ ಊರಿಗೆಲ್ಲ ಕೇಳುವಂತೆ ಮಂಗಳದ ಕೇಕೆ ಹಾಕುತ್ತಿದ್ದಳು.

ಹುಡುಗರು ಬಿಟ್ಟುಕೊಡುವುದು ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದವನು ಗಂಡನೊಬ್ಬನೇ ಎಂದು ಅವಳು ನಂಬಿದ್ದಳು. ಗೊತ್ತಾದ ದಿನ ಈ ಮನುಷ್ಯ ದೊಣ್ಣೆಯನ್ನು ಒಲೆಗೆ ಹಾಕಿ ಮಂಚ ಹಿಡಿಯುತ್ತಾನೆ, ಹಿಡಿದ ಮಂಚದಿಂದ ಏಳುವುದಿಲ್ಲ ಎಂದು ಹೆದರಿದ್ದಳು.

ಇದನ್ನೆಲ್ಲ ಕೆಡಿಸಲು ಬಂದವನು ಅವಳ ಸ್ವಂತ ತಮ್ಮ ಶಹಾತ. ಸೈನ್ಯದ ತಂಡದಲ್ಲಿ ಹತ್ತು ವರ್ಷ ಬಾಕ್ಸಿಂಗ್ ಆಡಿ, ಮೂಗು ಚಪ್ಪಟೆ ಮಾಡಿಕೊಂಡು ಬಂದು, ಖೂಸ್ ಪೇಟೆಯಲ್ಲಿ ಹುಡುಗರಿಗೆ ಗುದ್ದಾಟ ಕಲಿಸುತ್ತಿದ್ದ. ಬುಧವಾರ ಅಕ್ಕನ ಮನೆಗೆ ಊಟಕ್ಕೆ ಬಂದವನು ಬೆಂಡೆಕಾಯಿ ಸಾರಿನಲ್ಲಿ ರೊಟ್ಟಿ ಅದ್ದುತ್ತಾ ಸುಮ್ಮನಿರಲಾರದೆ ಬಾಯಿಬಿಟ್ಟ.

“ನಿಮ್ಮ ಆಟ ನೋಡೋಕೆ ಚೆಂದ ಭಾವ. ನಿಜವಾದ ಹೊಡೆದಾಟಕ್ಕೆ ಬರಲ್ಲ. ಮೊದಲು ಸಲಾಂ ಮಾಡ್ತೀರ, ಆಮೇಲೆ ಸುತ್ತು ಹಾಕ್ತೀರ. ಅಷ್ಟರಲ್ಲಿ ಎದುರಿನವನು ಮನೆಗೆ ಹೋಗಿ ಊಟ ಮುಗಿಸ್ಕೊಂಡು ಬಂದಿರ್ತಾನೆ.”

“ನಿನ್ನ ಆಟದಲ್ಲಿ ಗಂಟೆ ಹೊಡೆದ ಕೂಡಲೇ ಸ್ಟೂಲ್ ಮೇಲೆ ಕೂರಿಸಿ ನೀರು ಕುಡಿಸ್ತಾರಲ್ಲ,” ಅಂದ ನೂಬಿ. “ಕಬ್ಬಿನ ಗದ್ದೇಲಿ ಜಗಳ ಬಂದ್ರೆ ನಿನ್ನ ಹಿಂದೆ ಸ್ಟೂಲ್ ಹೊತ್ಕೊಂಡು ಯಾರಪ್ಪಾ ಬರ್ತಾರೆ?”

ಶಹಾತ ನಕ್ಕ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ನಮಾಜು ಮುಗಿಸಿ ಶುಕ್ರವಾರ ಮಧ್ಯಾಹ್ನ ಕಣಕ್ಕೆ ಬಾ ಎಂದ ನೂಬಿ. ಮೂರು ಆಟ. ದೊಣ್ಣೆ ತಲೆ ಮುಟ್ಟಿದರೆ ನನ್ನದು, ಗುದ್ದು ಮೈಮೇಲೆ ಎಲ್ಲಿ ಬಿದ್ದರೂ ನಿನ್ನದು. ವಹೀಬಾ ಕೈಯಲ್ಲಿದ್ದ ಸಾರಿನ ಪಾತ್ರೆಯನ್ನು ಅಲ್ಲೇ ಕುಕ್ಕಿದಳು. ಪೇಟೆಯ ಗುದ್ದಿಗೆ ಊರಿನ ಹುಡುಗರ ಮರ್ಯಾದೆ ಎಲ್ಲಿಂದ ಬರಬೇಕು?

ಮರುದಿನ ಅವಳು ಬಿಸಿಲಲ್ಲಿ ಹಿಟ್ಟು ಉಬ್ಬಿಸಿ ಸುಟ್ಟ ಹನ್ನೆರಡು ಬಿಸಿಲುರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಬಾಡಿಗೆ ಪಿಕಪ್ ಹತ್ತಿ ಖೂಸ್‌ಗೆ ಹೋದಳು. ಗುದ್ದಾಟ ಕಲಿಸುವ, ಬೆವರು ನಾರುವ ಕೋಣೆಯಲ್ಲಿ ಶಹಾತ ಮರಳು ತುಂಬಿದ ಚೀಲವನ್ನು ಗುದ್ದುತ್ತಿದ್ದ.

“ನಾಳೆ ನೀನು ಸೋಲ್ಬೇಕು,” ಅಂದಳು.

“ಅಕ್ಕ, ನಂಗೆ ಸೋಲೋದು ಯಾರೂ ಕಲಿಸಿಲ್ಲ.”

“ಅಮ್ಮ ತೀರ್ಕೊಂಡಾಗ ನಿಂಗೆ ಮೂರು ವರ್ಷ. ನಡೆಯೋದು ಕಲಿಸ್ದೆ, ಉಣ್ಣೋದು ಕಲಿಸ್ದೆ, ಮೂಗು ಒರೆಸ್ಕೊಳ್ಳೋದು ಕಲಿಸ್ದೆ. ಇದೂ ಕಲಿ. ಅವರಿಗೆ ಆ ದೊಣ್ಣೆ ಬಿಟ್ರೆ ಇನ್ನೇನಿದೆ ಹೇಳು.”

“ನೀನಿದ್ದೀಯಲ್ಲ,” ಎಂದು ಗೊಣಗಿದ ಶಹಾತ. ಆದರೂ ರೊಟ್ಟಿಯ ಗಂಟು ತೆಗೆದುಕೊಂಡ. ತೆಗೆದುಕೊಂಡನೆಂದರೆ ಒಪ್ಪಿದನೆಂದೇ ಲೆಕ್ಕ.

ಶುಕ್ರವಾರ ಕಣದ ಸುತ್ತ ಊರಿಗೆ ಊರೇ ನೆರೆದಿತ್ತು. ವಹೀಬಾ ಪಕ್ಕದ ಮಾಳಿಗೆಯ ಕಟ್ಟೆ ಹಿಡಿದು ನಿಂತಳು. ನೂಬಿ ಎಂದಿನಂತೆ ದೊಣ್ಣೆ ಅಡ್ಡ ಹಿಡಿದು ಸಲಾಂ ಮಾಡಿ, ನಿಧಾನವಾಗಿ ಸುತ್ತು ಹಾಕಿದ. ಶಹಾತ ಕೆಂಪು ಗವಸಿನ ಕೈಗಳನ್ನೆತ್ತಿ ಕುಣಿಯುತ್ತಾ ಬಂದು, ಆಡಿದ ಮಾತಿನಂತೆ ಕೈ ಕೆಳಗೆ ಬಿಟ್ಟ. ಬಾಗಿಲು ಹಾರುಹೊಡೆದಿತ್ತು. ನೂಬಿ ಮುಟ್ಟಲಿಲ್ಲ. ಇನ್ನೊಂದು ಸುತ್ತಿಗೆ ಮತ್ತೆ ಬಿಟ್ಟ. ನೂಬಿಯ ದೊಣ್ಣೆ ಅವನ ಕಿವಿಯ ಪಕ್ಕದಲ್ಲಿ ಸುಮ್ಮನೆ ಹಾದುಹೋಯಿತು. ಮೂರನೆಯ ಸಲ ನೂಬಿ ನಿಂತೇಬಿಟ್ಟ. ದೊಣ್ಣೆಯನ್ನು ನೆಲಕ್ಕೂರಿ ಅದರ ಮೇಲೆ ಎರಡೂ ಕೈ ಇಟ್ಟ.

“ತೆರೆದಿಟ್ಟ ಬಾಗಿಲಿಗೆ ನೆಂಟ ಬರ್ತಾನೆ ಶಹಾತ, ಆಟಗಾರ ಬರಲ್ಲ. ನಿಮ್ಮಕ್ಕ ಎಷ್ಟು ರೊಟ್ಟಿ ತಂದ್ಕೊಟ್ಲು?”

ಜನ ಗೊಳ್ಳೆಂದು ನಕ್ಕರು. ವಹೀಬಾಳ ಮುಖ ಒಲೆಯ ಮುಂದೆ ಕೂತವಳಂತೆ ಕಾಯಿತು.

“ಎರಡು ವರ್ಷದಿಂದ ಈ ಊರಲ್ಲಿ ಒಬ್ಬನೂ ನನ್ನ ಜೊತೆ ಆಡಿಲ್ಲ,” ಎಂದ ನೂಬಿ. ಈಗ ಯಾರೂ ನಗಲಿಲ್ಲ. ಹುಡುಗರು ಕಾಲ ಬೆರಳು ನೋಡಿಕೊಂಡರು. “ನೀನಾದ್ರೂ ಆಡು. ಆಗಲ್ಲಾಂದ್ರೆ ಗವಸು ಬಿಚ್ಚಿಟ್ಟು ಮನೆಗೆ ಹೋಗು.”

ಶಹಾತ ಮಾಳಿಗೆಯತ್ತ ನೋಡಿದ. ವಹೀಬಾ ಗಂಡನನ್ನು ನೋಡಿದಳು. ಅವನು ಅವಳತ್ತ ನೋಡುತ್ತಿರಲಿಲ್ಲ. ಸೊಂಟ ನೆಟ್ಟಗೆ ಮಾಡಿ, ಒಳ್ಳೆಯ ಕಣ್ಣನ್ನು ಎದುರಾಳಿಯ ಮೇಲಿಟ್ಟು, ಹೆಣ್ಣು ನೋಡಲು ಬಂದ ದಿನ ನಿಂತಹಾಗೆ ನಿಂತಿದ್ದ. ಅತ್ತ ದರಿ, ಇತ್ತ ಪುಲಿ. ಅವಳು ತಮ್ಮನಿಗೆ ಕಾಣುವಂತೆ ತಲೆಯಾಡಿಸಿದಳು. ಹೊಡಿ.

ಮೊದಲ ಗುದ್ದು ಎಡಗಡೆಯಿಂದಲೇ ಬಂತು. ನೂಬಿ ಅದನ್ನು ನೋಡಲೂ ಇಲ್ಲ. ಕೆನ್ನೆ ಮೂಗು ಎರಡಕ್ಕೂ ಬಿದ್ದು ಮಣ್ಣಿನಲ್ಲಿ ಕೂತ. ಹಿರಿಯರು ಬೈಯುತ್ತಾ ಎದ್ದರು. ನೂಬಿ ಕೈಯೆತ್ತಿ ಅವರನ್ನು ಕೂರಿಸಿ, ಜಲ್ಲಾಬಿಯ ನಿಲುವಂಗಿಯ ತೋಳಿನಿಂದ ಮೂಗಿನ ರಕ್ತ ಒರೆಸಿಕೊಂಡು ಎದ್ದ. ಮುಖದ ತುಂಬ ನಗು.

ಎರಡನೆಯ ಆಟದಲ್ಲಿ ದೊಣ್ಣೆ ದೊಣ್ಣೆಯಾಯಿತು. ಶಹಾತ ಮುಂದೆ ಬಂದಾಗಲೆಲ್ಲ ಮಣಿಕಟ್ಟಿಗೆ ತಟ್ಟಿ ಹಿಂದಕ್ಕಟ್ಟಿತು. ನಾಲ್ಕು ಸಲ ಹಾಗಾಯಿತು. ಐದನೆಯ ಸಲ ಶಹಾತ ತಟ್ಟಿಸಿಕೊಂಡೇ ಒಳಗೆ ನುಗ್ಗಿದ. ಅಷ್ಟು ಹತ್ತಿರ ಬಂದವನೆದುರು ನಾಲ್ಕಡಿ ದೊಣ್ಣೆ ಬರೀ ಸೌದೆ. ಎದೆಗೆ ಬಿದ್ದ ಗುದ್ದಿಗೆ ನೂಬಿ ಕೆಮ್ಮುತ್ತಾ ಬಗ್ಗಿದ. ವಹೀಬಾ ಸೆರಗು ಕಚ್ಚಿಕೊಂಡಳು.

ಮೂರನೆಯ ಆಟಕ್ಕೆ ನೂಬಿ ಕುರುಡು ಪಕ್ಕವನ್ನು ಹಿಂದಕ್ಕೆ ಹಾಕಿ ಓರೆಯಾಗಿ ನಿಂತ. ಶಹಾತ ನುಗ್ಗಿದ. ನೂಬಿ ತಡೆಯಲಿಲ್ಲ. ಬುಧವಾರ ಊಟದ ಹೊತ್ತಿಗೆ ಶಹಾತ ಗೇಲಿ ಮಾಡಿದ್ದ ಅದೇ ಸುತ್ತನ್ನು, ಮದುವೆಮನೆಯ ಕುಣಿತದ ಸುತ್ತನ್ನು, ಒಂದು ಹೆಜ್ಜೆ ಹಾಕಿದ. ಗುದ್ದು ಗಾಳಿಗೆ ಹೋಯಿತು. ಗುದ್ದಿನ ಹಿಂದೆಯೇ ಶಹಾತನೂ ಹೋದ. ಹಿಂದಿನಿಂದ ಬಂದ ದೊಣ್ಣೆ ಅವನ ನೆತ್ತಿಯನ್ನು ಟುಕ್ ಎಂದು ಮುಟ್ಟಿತು.

ಶಹಾತ ತಲೆ ಹಿಡಿದುಕೊಂಡು ಹಾಗೇ ನಿಂತ. ಬಿಟ್ಟುಕೊಟ್ಟ ಗೆಲುವಿಗೆ ಕೂಗಿ ಅಭ್ಯಾಸವಾದ ಊರಿಗೆ ನಿಜವಾದದ್ದು ಬಂದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಆಮೇಲೆ ಡೋಲಿನವನು ಬಾರಿಸಿದ, ಹುಡುಗರು ಮುತ್ತಿಕೊಂಡರು. ವಹೀಬಾ ಮಾತ್ರ ಕಟ್ಟೆ ಹಿಡಿದು ಅಳುತ್ತಿದ್ದಳು.

“ಮೂರರಲ್ಲಿ ಎರಡು ನಂದು, ಮರೀಬೇಡಿ,” ಎಂದ ಶಹಾತ ಹೊರಡುವಾಗ, ನೆತ್ತಿ ಸವರಿಕೊಳ್ಳುತ್ತಾ. ಭಾವನ ಹೆಗಲಿಗೆ ಮುತ್ತಿಟ್ಟೇ ಹೋದ.

ಅಡುಗೆಮನೆಯ ಮಣೆಯ ಮೇಲೆ ಗಂಡನನ್ನು ಕೂರಿಸಿ ವಹೀಬಾ ಮೂಗಿನ ಗಾಯಕ್ಕೆ ರಕ್ತ ನಿಲ್ಲಲೆಂದು ಕಾಫಿಪುಡಿ ಒತ್ತಿದಳು.

“ಮೊದಲಿಂದ್ಲೂ ಗೊತ್ತಿತ್ತಾ ನಿಮಗೆ?”

“ಹೋಗಿರೋದು ಕಣ್ಣು ಕಣೆ, ಕೈಯಲ್ಲ. ತಡೆಯೋ ದೊಣ್ಣೆ ಯಾವುದು, ಬಿಟ್ಟುಕೊಡೋ ದೊಣ್ಣೆ ಯಾವುದು ಅಂತ ಕೈಗೆ ಗೊತ್ತಾಗಲ್ವಾ?”

“ಮತ್ಯಾಕೆ ಸುಮ್ನಿದ್ರಿ?”

“ಮಾಳಿಗೆ ಮೇಲೆ ನೀನು ಅಷ್ಟೊಂದು ಖುಷಿಯಾಗಿ ಕೇಕೆ ಹಾಕ್ತಿದ್ದೆ. ನಿಂಗೆ ಗೊತ್ತಿಲ್ಲ, ಗೊತ್ತಾದ್ರೆ ನೊಂದ್ಕೋತೀಯ ಅಂತ.”

ವಹೀಬಾಳಿಗೆ ಎರಡು ವರ್ಷ ಒಬ್ಬರಿಗೊಬ್ಬರು ಎಂಥ ಮುದ್ದು ಮುಚ್ಚುಮರೆ ಮಾಡಿಕೊಂಡು ಬದುಕಿದೆವಲ್ಲ ಎಂದು ಅವನ ಬೋಳುತಲೆಗೆ ಒಂದು ಮೊಟಕಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಿದಳು.

“ಭಾನುವಾರ ಕಣ್ಣಿನ ಡಾಕ್ಟರ್ ಹತ್ರ ಹೋಗೋಣ,” ಅಂದ ನೂಬಿ. ಎರಡು ವರ್ಷ ಕಾಲು ಹಿಡಿದರೂ ಒಪ್ಪದಿದ್ದವನು. “ಆ ಮೊದಲನೇ ಗುದ್ದು ಕಂಡಿದ್ರೆ ಎರಡು ನಂದಾಗ್ತಿತ್ತು.” ಮೂಗಿನ ಪುಡಿ ಉದುರದಂತೆ ಮೆಲ್ಲಗೆ ಹೇಳಿದ. “ಒಂದೇ ಒಂದು ಬೇಜಾರು. ನಾನು ನಿಜವಾಗಿ ಮುಟ್ಟಿದ್ದು ಒಂದೇ ಸಲ. ಆವಾಗ್ಲೇ ನೀನು ಕೇಕೆ ಹಾಕ್ಲಿಲ್ಲ.”

ವಹೀಬಾ ಕಾಫಿಪುಡಿಯ ಡಬ್ಬಿ ಕೆಳಗಿಟ್ಟಳು. ಕೈ ಒರೆಸಿಕೊಂಡಳು. ಒಲೆಯ ಪಕ್ಕದಲ್ಲಿ ನೆಟ್ಟಗೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಪಾತ್ರೆಗಳು ಅದುರುವಂತೆ ಕೇಕೆ ಹಾಕಿದಳು.

ಗೋಡೆಯಾಚೆಯಿಂದ ನೆರೆಯವಳು ಕೂಗಿದಳು. “ಏನೇ ವಹೀಬಾ, ಯಾರ ಮದುವೆ ಗೊತ್ತಾಯ್ತೇ?”

“ಮದುವೆಯಲ್ಲ ಕಣೆ. ನಮ್ಮನೆಯವರು ಗೆದ್ರು,” ಎಂದು ಹೇಳಿ ವಹೀಬಾ ಮತ್ತೆ ಉಸಿರು ತುಂಬಿಕೊಂಡಳು.