ಅರ್ಧದ ಕಾನೂನು

ಆ ಮನೆಯಲ್ಲಿ ಅರ್ಧದ ಕಾನೂನು ತಂದವಳು ಸೊಸೆಯೇ. ಕಾರು, ಹೊಸ ಅಡುಗೆಮನೆ, ಗೋಡೆಯಗಲದ ಟಿ.ವಿ. ಎಲ್ಲವನ್ನೂ ಕಂತಿನ ಮೇಲೆ ತಂದು ಮೆರೆದದ್ದಾಗಿತ್ತು. ಕಂತುಗಳೆಲ್ಲ ಸೇರಿ ಕುತ್ತಿಗೆಗೆ ಬಂದಾಗ ಕಾರು ಹೋಯಿತು, ಟಿ.ವಿ. ಹೋಯಿತು, ಸಾಲ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಮನೆಯಲ್ಲೇ ಶಾಲಾಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ ಅವಳು ಒಂದು ದಿನ ಟೇಪು ಕೊರಳಲ್ಲಿರುವಂತೆಯೇ ತೀರ್ಪು ಕೊಟ್ಟಳು: ಇನ್ನು ಮುಂದೆ ಎಲ್ಲವೂ ಅರ್ಧ. ಸಕ್ಕರೆ ಅರ್ಧ ಚಮಚ, ಸ್ನಾನಕ್ಕೆ ಅರ್ಧ ಬಕೆಟ್ಟು, ಸೋಪು ತಂದ ದಿನವೇ ಕತ್ತರಿಸಿ ಅರ್ಧ. ಬಸ್ ಡ್ರೈವರ್ ಗಂಡ ಗೊಣಗಿದ. ಮಾವ ಮಾತ್ರ ಖುಷಿಯಿಂದಲೇ ತಲೆಯಾಡಿಸಿದರು. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಅಳತೆ ಎಂದರೆ ಅವರಿಗೆ ಪ್ರಾಣ. ಹತ್ತು ತಿಂಗಳಲ್ಲಿ ಸಾಲ ಮುಕ್ಕಾಲು ಪಾಲು ಕರಗಿತು. ಸುಳ್ಳೇಕೆ, ಸೊಸೆಗೆ ಒಳಗೊಳಗೇ ಜಂಬವೂ ಬಂದಿತ್ತು.

ಬುಧವಾರ ಬೆಳಿಗ್ಗೆ ಕುರ್ಚಿಯಿಂದ ಎದ್ದ ಮಾವ ಹಾಗೇ ಗೋಡೆಗೆ ಒರಗಿಬಿಟ್ಟರು. ಏನಾಯಿತೆಂದು ಕೇಳಿದರೆ ನಾಲಿಗೆ ತೊದಲಿತು, ಬಾಯಿ ಒಂದು ಕಡೆಗೆ ವಾಲಿತು. ಪಕ್ಕದ ಮನೆಯವರ ಕಾರಿನಲ್ಲಿ ಅವರನ್ನು ಹೇಗೋ ಕೂರಿಸಿಕೊಂಡು ಆಸ್ಪತ್ರೆ ಸೇರಿದಳು.

ಡಾಕ್ಟರಮ್ಮ ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿದರು. ಮಾತ್ರೆ ತಪ್ಪಿಸಿದ್ದಾರೆಯೇ ಎಂದು ಕೇಳಿದರು.

"ಒಂದು ದಿನಾನೂ ಇಲ್ಲ ಡಾಕ್ಟ್ರೇ. ದಿನಾ ಬೆಳಿಗ್ಗೆ ನೀರು ನಾನೇ ಕೊಡ್ತೀನಿ."

ಹಾಗಿದ್ದರೆ ಆ ಮಾತ್ರೆ ಇವರಿಗೆ ನಾಟುತ್ತಿಲ್ಲ, ಇನ್ನೂ ಬಲವಾದದ್ದೇ ಬೇಕು ಎನ್ನುತ್ತಾ ಅವರು ನರ್ಸಿಗೆ ಹೊಸ ಔಷಧಿ ಹೇಳಿದರು. ಮಾವ ಏನೋ ಹೇಳಲು ಒದ್ದಾಡುತ್ತಿದ್ದರು. ಮಾತು ಬರಲಿಲ್ಲ. ಕೈ ಮಾತ್ರ ಮತ್ತೆ ಮತ್ತೆ ಅಂಗಿಯ ಜೇಬಿನ ಕಡೆ ಹೋಗುತ್ತಿತ್ತು. ಎದೆ ನೋವೇನೋ ಎಂದು ಅವಳು ಅಲ್ಲಿ ಕೈಯಿಟ್ಟರೆ ಗಟ್ಟಿಯಾಗಿ ಏನೋ ತಗಲಿತು. ಹೊರಗೆ ತೆಗೆದಳು. ಗಡಿಯಾರದ ಸ್ಕ್ರೂ ಹಾಕಿಡುವ ಪುಟ್ಟ ಡಬ್ಬಿ. ಒಳಗೆ ಸ್ಕ್ರೂ ಇರಲಿಲ್ಲ. ಹದಿನಾಲ್ಕು ಅರ್ಧ ಮಾತ್ರೆಗಳಿದ್ದವು, ಬ್ಲೇಡಿನಿಂದ ನಡು ಮಧ್ಯಕ್ಕೆ ಕೊಯ್ದವು. ಒಂದೇ ಒಂದು ಚೂರೂ ಪುಡಿಯಾಗಿರಲಿಲ್ಲ.

ಅಷ್ಟರಲ್ಲಿ ನರ್ಸು ಸೂಜಿ ಹಿಡಿದು ಬಂದಾಗಿತ್ತು.

"ತಡೀರಿ! ಇವರು ಅರ್ಧ ಮಾತ್ರೆ ತಗೋತಿದ್ರು," ಎಂದಳು. ಡಬ್ಬಿಯನ್ನು ಡಾಕ್ಟರಮ್ಮನ ಮುಂದೆ ಹಿಡಿದಳು.

ಡಾಕ್ಟರಮ್ಮ ನರ್ಸಿನ ಕೈ ತಡೆದರು. ಎಷ್ಟು ದಿನದಿಂದ ಎಂದು ಕೇಳಿದಾಗ ಮಾವ ಕಷ್ಟಪಟ್ಟು ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದರು. ಹತ್ತು ದಿನವಲ್ಲ, ಹತ್ತು ತಿಂಗಳು ಎಂದು ಸೊಸೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾತ್ರೆ ತರುವುದು, ಎತ್ತಿಡುವುದು ಎಲ್ಲ ಅವರದೇ ಕೆಲಸ. ಇವಳು ನೀರಿನ ಲೋಟ ನೋಡಿದ್ದಳೇ ಹೊರತು ಅಂಗೈ ನೋಡಿರಲಿಲ್ಲ. ಆ ಬಲವಾದ ಔಷಧಿ ಒಳಗೆ ಹೋಗಿದ್ದರೆ ಬಿ.ಪಿ. ಒಮ್ಮೆಲೇ ಪಾತಾಳಕ್ಕೆ ಇಳಿಯುತ್ತಿತ್ತು ಎಂದರು ಡಾಕ್ಟರಮ್ಮ. ಎರಡು ದಿನ ಇಲ್ಲೇ ಇರಲಿ ಎಂದೂ ಹೇಳಿದರು.

ಮಧ್ಯಾಹ್ನ ಗಂಡ ಖಾಕಿ ಬಟ್ಟೆಯಲ್ಲೇ ಓಡಿ ಬಂದ. ಜೇಬಿನಲ್ಲಿ ಈ ತಿಂಗಳ ಕಂತಿನ ದುಡ್ಡಿತ್ತು. ಇದು ತಪ್ಪಿದರೆ ಬಡ್ಡಿಯ ಮೇಲೆ ಬಡ್ಡಿ ಬೀಳುತ್ತದೆ ಎಂದು ತಡವರಿಸಿದ. ಬೀಳಲಿ ಎಂದು ಅವಳು ಕಿತ್ತುಕೊಂಡು ಹೋಗಿ ಆಸ್ಪತ್ರೆಗೆ ಕಟ್ಟಿ ಬಂದಳು.

ಸಂಜೆಯ ಹೊತ್ತಿಗೆ ಮಾವನ ನಾಲಿಗೆ ಸ್ವಲ್ಪ ತಿರುಗಿತು. ಅಲ್ಲಿಯವರೆಗೆ ತಡೆದಿದ್ದ ಸಿಟ್ಟು, ಭಯ ಎಲ್ಲ ಅವಳಿಂದ ಒಟ್ಟಿಗೇ ಹೊರಬಂತು.

"ಮಾತ್ರೆ ಅರ್ಧ ಮಾಡಿ ಅಂತ ಯಾರು ಹೇಳಿದ್ರು ಮಾವ ನಿಮಗೆ?"

"ಎಲ್ಲಾ ಅರ್ಧ ಅಂದ್ಯಲ್ಲಮ್ಮ," ಎಂದರು ಅವರು ನಿಧಾನಕ್ಕೆ. "ಮನೆಯವರೆಲ್ಲ ಅರ್ಧದಲ್ಲಿರೋವಾಗ ನಾನೊಬ್ಬ ಪೂರ್ತಿ ನುಂಗಲಾ?"

"ಊಟ, ಔಷಧಿ ಅದರಲ್ಲಿ ಬರಲ್ಲ! ಅಷ್ಟೂ ಗೊತ್ತಾಗಲ್ವಾ?" ಅವಳು ಅತ್ತೇ ಬಿಟ್ಟಳು.

ಮಾವ ಅವಳನ್ನೇ ನೋಡಿದರು. ಸಣ್ಣ ಸಣ್ಣ ಚಕ್ರಗಳನ್ನು ನೋಡಿ ಪಳಗಿದ ಕಣ್ಣು.

"ಊಟ ಬರಲ್ವಾ? ಹಾಗಾದ್ರೆ ಈ ವರ್ಷ ಎರಡೆರಡು ಸಲ ನಿನ್ನ ಬಟ್ಟೇನೆಲ್ಲ ಬಿಚ್ಚಿ ಬಿಗಿ ಹೊಲ್ಕೊಂಡ್ಯಲ್ಲ, ಯಾಕಮ್ಮ?"

ಗಂಡ ತಿರುಗಿ ಹೆಂಡತಿಯನ್ನು ನೋಡಿದ. ಅವಳು ಸೆರಗನ್ನು ಎಳೆದು ಮೈತುಂಬ ಹೊದ್ದುಕೊಂಡಳು.