ಗಡಿಗೆ ತಾಕಿದ ಸಾಲು

ಇನ್ನೊಕೆಂಟಿ ಸಾವಿಚ್‌ನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಚ್ಚುಮರೆ ಯಾಕೆ? ಯೆನಿಸೇ ನದಿ ದಡದ ನಮ್ಮ ಗಣಿತ ಸಂಸ್ಥೆಯಲ್ಲಿ ಅವನು ಹಿರಿಯ ಪ್ರೊಫೆಸರ್, ನಾನು ಮೂವತ್ತಾರು ದಾಟಿದರೂ ಪದವಿ ಸಿಗದ ಸಂಶೋಧಕಿ. ನಮ್ಮ ಗುರುವಾರದ ಗೋಷ್ಠಿಯಲ್ಲಿ ಕೈಯಲ್ಲಿ ಚೀಟಿ ಇಲ್ಲದೆ ಹಲಗೆಯ ಮೇಲೆ ಪ್ರಮೇಯದ ಸಾಧನೆಯನ್ನು ಸಾಲುಸಾಲಾಗಿ ಬರೆಯಬೇಕು. ನಂಬಿಕೆ ಬಾರದ ಸಾಲನ್ನು ಯಾರು ಬೇಕಾದರೂ ಎದ್ದು ಒದ್ದೆ ಬಟ್ಟೆಯಿಂದ ಒರೆಸಬಹುದು. ಒರೆಸಿದವರೇ ಅದನ್ನು ಮತ್ತೆ ಬರೆದರೆ ಆಕ್ಷೇಪ ಮುಗಿಯಿತು. ಇಲ್ಲದಿದ್ದರೆ ಪ್ರಬಂಧ ಪದವಿ ಸಮಿತಿಗೆ ಹೋಗುವುದಿಲ್ಲ. ಈ ಮಹಾಶಯ ಎರಡು ಸಲ ಹಾಗೆ ಸಾಲು ಒರೆಸಿ ನನ್ನನ್ನು ಕೂರಿಸಿದ್ದ. ೧೯೭೮ರ ಮಾರ್ಚಿನದು ಮೂರನೆಯದು. ಅದೇ ಕೊನೆಯ ಅವಕಾಶ.

ಹಲವು ಸಂಕೀರ್ಣ ಚರಗಳ ಒಂದು ಪ್ರದೇಶವನ್ನು ಇನ್ನೊಂದಕ್ಕೆ ಒಯ್ಯುವ ಹೋಲೊಮಾರ್ಫಿಕ್ ಎಂಬ ಜಾತಿಯ ಚಿತ್ರಣ ಒಳಗೆಲ್ಲ ನಯವಾಗಿರುತ್ತದೆ, ಎಲ್ಲೂ ಮುರಿಯುವುದಿಲ್ಲ, ಅದರಲ್ಲೇನೂ ತಕರಾರಿಲ್ಲ. ಗಡಿಯವರೆಗೂ ಆ ನಯ ಕೆಡುವುದಿಲ್ಲ ಎಂದು ತೋರಿಸುವುದು ನನ್ನ ಕೆಲಸವಾಗಿತ್ತು.

ನಾನು ಬರೆದ ಏಳನೆಯ ಸಾಲಿಗೇ ಸಾವಿಚ್ ಎದ್ದು ಬಂದು ಸರ್ರನೆ ಒರೆಸಿದ.

"ಏನಮ್ಮಾ ತೈಸಿಯಾ ಯೆಗೊರೊವ್ನಾ, ಗಡೀಲಿ ನಯ ಇದೆ ಅಂತ ತೋರಿಸೋಕೆ ಹೊರಟು, ಇದೆ ಅಂತ ಮೊದ್ಲೇ ಅಂದ್ಕೊಂಡ್‌ಬಿಟ್ಟಿದ್ದೀಯಲ್ಲ! ಇಂಥ ಕಸ ಯಾರು ಹೇಳ್ಕೊಟ್ರು ನಿಂಗೆ?"

"ನೀವೇ. ನಿಮ್ಮ ಪುಸ್ತಕದ ನಲವತ್ತೊಂದನೇ ಪುಟ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಡಾವಳಿ ಬರೆಯುವ ಅಗ್ನಿಯಾ ಕಪಾಟಿನಿಂದ ಪುಸ್ತಕ ತಂದುಕೊಟ್ಟಳು. ಓದಿದವನ ಮುಖ ಸುಣ್ಣ ಬಳಿದಂತಾಯಿತು. ಪುಸ್ತಕ ಮುಚ್ಚಿ ಸೀಮೆಸುಣ್ಣ ಎತ್ತಿಕೊಂಡು ಆ ಸಾಲನ್ನು ಮತ್ತೆ ಬರೆದ.

"ಓ, ನಂದೇನಾ? ಹಾಗಾದ್ರೆ ಸರಿಯಾಗೇ ಇದೆ. ಮುಂದುವರಿಸಮ್ಮ."

ಅಯ್ಯೋ, ಅವನು ಒರೆಸಿದ್ದೇ ಸರಿ! ಸಾಧಿಸಬೇಕಾದ್ದನ್ನೇ ಆ ಸಾಲು ಮೊದಲೇ ಒಪ್ಪಿಕೊಂಡುಬಿಟ್ಟಿತ್ತು. ನಾನು ಕಣ್ಣು ಮುಚ್ಚಿ ನಂಬಿದ್ದ ಸಾಲು ಅದು. ಅದು ಬಿದ್ದರೆ ಅವನ ಪುಸ್ತಕದ ಜೊತೆ ನನ್ನ ಪ್ರಮೇಯವೂ ಬೀಳುತ್ತಿತ್ತು. ಅವನಿಗದು ಗೊತ್ತು, ನನಗೂ ಗೊತ್ತಾಯಿತು.

"ಸುಮ್ನೆ ಮುಂದೆ ಹೋಗೇ ಮಾರಾಯ್ತಿ," ಎಂದು ಅಗ್ನಿಯಾ ಪಿಸುಗುಟ್ಟಿದಳು.

ಹೋಗಬಹುದಿತ್ತು. ಸಂಜೆಗೆ ಪ್ರಬಂಧ ಸಮಿತಿಗೆ ಹೋಗುತ್ತಿತ್ತು, ಪದವಿ ಖಾತ್ರಿ. ಸತ್ಯದ ಮೇಲೆ ನನಗೇನೂ ಭಾರೀ ಪ್ರೀತಿ ಉಕ್ಕಲಿಲ್ಲ. ಇವನ ಸುಳ್ಳಿನ ಭಿಕ್ಷೆಯಲ್ಲಿ ಜೀವನವಿಡೀ ಬದುಕಬೇಕಲ್ಲ, ಥೂ! ಬಟ್ಟೆ ಕಿತ್ತುಕೊಂಡು ಆ ಸಾಲನ್ನು ನಾನೇ ಒರೆಸಿದೆ.

"ತಲೆ ಕೆಟ್ಟಿದೆಯಾ ನಿಂಗೆ? ಪದವಿ ಹೋಯ್ತು!" ಎಂದು ಕಿರುಚಿದ.

"ಹೋಗ್ಲಿ ಬಿಡಿ. ನಿಮ್ಮ ಪುಸ್ತಕಾನೂ ಹೋಯ್ತು."

ಅಗ್ನಿಯಾ ನಡಾವಳಿ ಪುಸ್ತಕ ಎಳೆದುಕೊಂಡಳು. "ಆಕ್ಷೇಪ ಮಾಡಿದ್ದು ಯಾರು ಅಂತ ಬರೀಲಿ?"

ತನ್ನ ಆಕ್ಷೇಪವನ್ನು ಅವನೇ ಮತ್ತೆ ಬರೆದು ಮುಗಿಸಿದ್ದ, ಈಗ ಒರೆಸಿದವಳು ನಾನು. ನನ್ನ ಹೆಸರು ಹೇಳಿದೆ, ತಂದೆಯ ಹೆಸರೂ ಸೇರಿಸಿ, ಅವಳು ಬರೆದು ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.